ಬರೆದರೆ ಮಾತ್ರ ಹೋಂವರ್ಕ್

‘ಇವತ್ತು ಹೋಂವರ್ಕ್ ಏನಿಲ್ಲಮ್ಮ, ಓದೋದು ಅಷ್ಟೆ.’ ಶಾಲೆಯಿಂದ ಬಂದು ಚೀಲ ಇಳಿಸುವ ಮಕ್ಕಳ ಬಾಯಲ್ಲಿ ಈ ಮಾತು ಕೇಳದ ಮನೆ ಕಡಿಮೆ. ಕನ್ನಡದಲ್ಲಿ ಹೋಂವರ್ಕಿಗೆ ಅಂಟಿಕೊಂಡಿರುವ ಕ್ರಿಯಾಪದ ‘ಬರೆ’. ‘ಹೋಂವರ್ಕ್ ಬರ್ದ್ಯಾ?’ ಎಂದೇ ನಾವು ಕೇಳುವುದು. ‘ಮಾಡಿದ್ಯಾ’ ಎಂದರೂ ಅರ್ಥ ಅದೇ. ಓದಿದ್ದು, ಎಣಿಸಿದ್ದು, ಅಜ್ಜಿಯನ್ನು ಕೇಳಿ ತಿಳಿದುಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ. ಪುಟ ತುಂಬಿರಬೇಕು, ಕೆಳಗೆ ಕೆಂಪು ಶಾಯಿಯ ಸಹಿ ಬೀಳಬೇಕು.

ಆ ಪುಟ ಹೇಗೆ ತುಂಬುತ್ತದೆ ಎಂಬುದನ್ನು ಮಗುವಿನ ಪಕ್ಕದಲ್ಲಿ ಕೂತು ನೋಡಬೇಕು. ‘ಕಮಲ’ ಎಂದು ಹತ್ತು ಸಲ ಬರೆದುಕೊಂಡು ಬಾ ಎಂದಿದ್ದಾರೆ ಅನ್ನಿ. ಎರಡನೇ ಕ್ಲಾಸಿನ ಮಗು ಮೊದಲು ಮೇಲಿಂದ ಕೆಳಕ್ಕೆ ಹತ್ತು ‘ಕ’ ಇಳಿಸುತ್ತದೆ. ಆಮೇಲೆ ಪಕ್ಕದಲ್ಲಿ ಹತ್ತು ‘ಮ’. ಕೊನೆಗೆ ಹತ್ತು ‘ಲ’. ಹತ್ತು ಸಾಲು ಮುಗಿದವು, ಕಮಲ ಒಮ್ಮೆಯೂ ಬಾಯಿಗೆ ಬರಲಿಲ್ಲ. ಬೇಗ ಮುಗಿಸಿ ಆಡಲು ಓಡಬೇಕೆನ್ನುವ ಮಗುವಿನ ಈ ಉಪಾಯವನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಅರ್ಥವಿಲ್ಲದ ಕೆಲಸ ಕೊಟ್ಟಾಗ ಅದನ್ನು ಬೇಗ ತೀರಿಸುವ ದಾರಿಯನ್ನೇ ಮಗು ಕಲಿಯುತ್ತದೆ.

ದೊಡ್ಡವರ ಲೋಕದಲ್ಲಿ ಇದೇ ಪದಕ್ಕೆ ಬೇರೆ ಬಾಳು. ಸಚಿವರು ಹೋಂವರ್ಕ್ ಮಾಡದೆ ಸದನಕ್ಕೆ ಬಂದರು ಎಂದರೆ ಪೂರ್ವತಯಾರಿ ಇರಲಿಲ್ಲ ಎಂದರ್ಥ. ಮಕ್ಕಳ ಹೋಂವರ್ಕ್ ಮಾತ್ರ ಹೆಚ್ಚಿನ ದಿನ ತರಗತಿಯಲ್ಲಿ ಮುಗಿಯದೆ ಉಳಿದದ್ದು.

‘ಗೃಹಪಾಠ’, ‘ಮನೆಗೆಲಸ’ ಎಂಬ ಪದಗಳೂ ನಮ್ಮಲ್ಲಿವೆ. ಮನೆಮಾತಿನಲ್ಲಿ ಎರಡೂ ಊರಲಿಲ್ಲ. ಮನೆಗೆಲಸ ಎಂದರೆ ಕಸ, ಮುಸುರೆ, ಬಟ್ಟೆ. ಅದು ಎಂದೋ ಹೆಂಗಸರ ಪಾಲಿಗೆ ಬಿದ್ದಿತ್ತು. ಈಗ ಹೋಂವರ್ಕೂ ಅವರ ಪಾಲಿಗೇ ಬಂದಿದೆ. ‘ನಿಮ್ದು ಹೋಂವರ್ಕ್ ಆಯ್ತೇನ್ರೀ?’ ‘ಎಲ್ಲಿ ಬಂತು ಕಣ್ರೀ, ನಮ್ದಿನ್ನೂ ಇವಿಎಸ್ ಪ್ರಾಜೆಕ್ಟೇ ಬಾಕಿ.’ ಇಬ್ಬರು ತಾಯಂದಿರ ಈ ಮಾತಿನಲ್ಲಿ ಮಗುವಿನ ಹೆಸರೇ ಇಲ್ಲ. ರಾತ್ರಿ ಹತ್ತಕ್ಕೆ ಥರ್ಮೋಕೋಲ್ ಕತ್ತರಿಸಿ ಮನೆ ಕಟ್ಟುವವರು ಅಮ್ಮ, ಮರುದಿನ ‘ವೆರಿ ಗುಡ್’ ಬೀಳುವುದು ಮಗುವಿಗೆ. ಗಾರ್ಮೆಂಟ್ಸ್ ಕೆಲಸ ಮುಗಿಸಿ ಎಂಟಕ್ಕೆ ಮನೆ ಸೇರುವ ತಾಯಿ ಏನು ಮಾಡಬೇಕು? ಕೈಲಾದವರು ದುಡ್ಡು ಕಟ್ಟಿ ಟ್ಯೂಷನ್‌ಗೆ ಕಳಿಸುತ್ತಾರೆ. ಉಳಿದವರ ಮಕ್ಕಳು ತರಗತಿಯಲ್ಲಿ ಎದ್ದು ನಿಂತು ಬೈಸಿಕೊಳ್ಳುತ್ತಾರೆ. ಆರೇಳು ವರ್ಷದ ಮಗುವಿಗೆ ಇದು ದೊಡ್ಡ ಅನ್ಯಾಯ. ದೊಡ್ಡವರ ಕೈ ಸೇರದೆ ಮುಗಿಯದ ಕೆಲಸವನ್ನು ಪ್ರೈಮರಿ ಮಕ್ಕಳಿಗೆ ಕೊಡಲೇಬಾರದು.

ಇದನ್ನು ಹೇಳಿದವರಿಲ್ಲ ಎಂದಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಎದ್ದು ನಿಂತು ಮಕ್ಕಳ ಚೀಲದ ಭಾರದ ಬಗ್ಗೆ ಮರುಗಿ ಮಾತಾಡಿದ್ದರು. 1993ರ ಯಶಪಾಲ್ ಸಮಿತಿ, ಮನೆಯ ಸುತ್ತಮುತ್ತ ನೋಡಿ ತಿಳಿಯುವಂಥದ್ದನ್ನು ಬಿಟ್ಟರೆ ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ ಎಂದಿತು. 2020ರ ಶಾಲಾ ಚೀಲ ನೀತಿಯ ಪ್ರಕಾರ ಒಂದು, ಎರಡನೇ ತರಗತಿಗೆ ಹೋಂವರ್ಕ್ ಇಲ್ಲ. ಮೂರರಿಂದ ಐದಕ್ಕೆ ಹೆಚ್ಚೆಂದರೆ 2 ಗಂಟೆ, ಅದೂ ವಾರಕ್ಕೆ. ದಿನಕ್ಕೆ ಎರಡು ಗಂಟೆ ಬರೆಸುವ ಶಾಲೆಗಳ ನಡುವೆ ಈ ಸಾಲನ್ನು ಮತ್ತೆ ಮತ್ತೆ ಓದಬೇಕು.

ಆ ನೀತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದಿದೆ. ನಿನ್ನೆ ರಾತ್ರಿ ಏನು ಊಟ ಮಾಡಿದೆ, ಅಡುಗೆ ಮಾಡಿದವರು ಯಾರು, ಅವರಿಗೆ ನೆರವಾದವರು ಯಾರು ಎಂದು ಟೀಚರು ಕೇಳಲಿ, ಮಕ್ಕಳು ತರಗತಿಯಲ್ಲಿ ಹೇಳಲಿ ಎನ್ನುತ್ತದೆ ಅದು. ‘ಅವ್ವ ಸಾರು ಮಾಡಿದ್ಲು, ಅಪ್ಪ ಮುದ್ದೆ ಕಟ್ಟಿದ್ರು’ ಎನ್ನಲು ಗೈಡೂ ಬೇಡ, ಟ್ಯೂಷನ್ನೂ ಬೇಡ. ಓದು ಬಾರದ ತಾಯಿಯ ಮಗುವೂ ಇಲ್ಲಿ ಯಾರಿಗೂ ಕಡಿಮೆಯಿಲ್ಲ. ಹೇಳುತ್ತ ಹೇಳುತ್ತ ಮನೆಯಲ್ಲಿ ಯಾರು ಎಷ್ಟು ದುಡಿಯುತ್ತಾರೆ ಎಂಬುದೂ ಮಕ್ಕಳ ಕಣ್ಣಿಗೆ ಬೀಳುತ್ತದೆ.

ಇಂಥದ್ದನ್ನು ಕೊಡಿ ಎಂದು ಕೇಳಲು ಪೋಷಕರ ಸಭೆ ಸರಿಯಾದ ಜಾಗ. ಸದ್ಯಕ್ಕೆ ಅಲ್ಲಿ ಹೆಚ್ಚಾಗಿ ಕೇಳಿಬರುವುದು ‘ಹೋಂವರ್ಕ್ ಸಾಲ್ದು ಮಿಸ್, ಇನ್ನೂ ಸ್ವಲ್ಪ ಜಾಸ್ತಿ ಕೊಡಿ’ ಎಂಬ ಬೇಡಿಕೆ.