ಕರುಳಿನ ಬಲವನ್ನು ಅಳೆದವರು

1753ರಲ್ಲಿ ನೇಪಲ್ಸ್‌ನ ವೈದ್ಯ ಕಾರ್ಲೊ ಕುರ್ಜಿಯೊ, ಮೈಚರ್ಮವೆಲ್ಲ ಬಿಗಿದು ಗಟ್ಟಿಯಾಗಿದ್ದ ಹದಿನೇಳರ ಹುಡುಗಿಯೊಬ್ಬಳ ವಿವರವನ್ನು ಪ್ರಕಟಿಸಿದ. ಮುಂದಿನ ಶತಮಾನದಲ್ಲಿ ಸ್ಕ್ಲಿರೋಡರ್ಮಾ ಎಂಬ ಹೆಸರು ಪಡೆದ ಈ ಕಾಯಿಲೆಯನ್ನು ಬಹುಕಾಲ ಚರ್ಮರೋಗವೆಂದೇ ನೋಡಲಾಯಿತು. ವೈದ್ಯರ ಕಣ್ಣಿಗೂ ಬೆರಳಿಗೂ ಸಿಗುತ್ತಿದ್ದುದು ಚರ್ಮ ಮಾತ್ರ. ಇದು ಒಳಾಂಗಗಳನ್ನೂ ವ್ಯಾಪಿಸುವ ರೋಗವೆಂದು ಕೇಪ್‌ಟೌನ್‌ನ ರಾಬರ್ಟ್ ಗೋಯೆಟ್ಜ್ 1945ರಲ್ಲಿ ವಾದಿಸಿ, ಸಿಸ್ಟಮಿಕ್ ಸ್ಕ್ಲಿರೋಸಿಸ್ ಎಂಬ ಹೆಸರಿಗೆ ದಾರಿ ಮಾಡಿದ. ಆದರೆ ಹೆಸರು ಬದಲಾದ ಮಾತ್ರಕ್ಕೆ ರೋಗ ಅರ್ಥವಾಗಲಿಲ್ಲ. ಅನ್ನನಾಳ, ಕರುಳುಗಳ ಸ್ನಾಯುವನ್ನು ಕೆಣಕಿ, ಅದು ಕೊಟ್ಟ ಉತ್ತರವನ್ನು ಅಳೆದ ಮೇಲೆಯೇ ಕೆಡುವುದು ಏನು, ಯಾವಾಗ ಎಂಬುದು ತಿಳಿಯತೊಡಗಿತು ಎಂದು ನಾನು ನಂಬುತ್ತೇನೆ.

ಫಿಲಡೆಲ್ಫಿಯಾದ ಸಿಡ್ನಿ ಕೋಹೆನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದ ತರ್ಕ ಸರಳವೂ ಸುಂದರವೂ ಆಗಿತ್ತು. ಅನ್ನನಾಳದೊಳಗೆ ಸಪೂರ ನಳಿಕೆ ಇಳಿಸಿ, ಅದರ ಕೆಳತುದಿಯ ಸ್ನಾಯು ಎಷ್ಟು ಒತ್ತಡ ಹಾಕುತ್ತದೆಂದು ಅವರು ನೋಡಿದರು. ಮೆಥಾಕೋಲಿನ್ ಎಂಬ ಔಷಧಿ ಸ್ನಾಯುವನ್ನು ನೇರವಾಗಿ ಪ್ರಚೋದಿಸುತ್ತದೆ. ಎಡ್ರೋಫೋನಿಯಂ ಕೆಲಸ ಮಾಡಬೇಕಾದರೆ ನರವೇ ತನ್ನ ರಾಸಾಯನಿಕವನ್ನು ಸುರಿಸಬೇಕು. ಮೊದಲನೆಯದಕ್ಕೆ ಬಿಗಿಯುವ ಸ್ನಾಯು ಎರಡನೆಯದಕ್ಕೆ ಸುಮ್ಮನಿದ್ದರೆ ಕೆಟ್ಟಿರುವುದು ನರ. ಎರಡಕ್ಕೂ ಅಲುಗದಿದ್ದರೆ ಸ್ನಾಯುವೇ ಸವೆದಿದೆ. ರೋಗ ಮುಂದುವರಿಯದವರಲ್ಲಿ ಮೊದಲ ಬಗೆ ಕಂಡಿತು, ಬಲಿತವರಲ್ಲಿ ಎರಡನೆಯದು. ಮರುವರ್ಷ ಅದೇ ಬಳಗ ಸಣ್ಣ ಕರುಳಿನ ಮೊದಲ ಭಾಗದ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿತು: ಹಿಗ್ಗಿಸಿದರೂ ಹಾರ್ಮೋನು ಕೊಟ್ಟರೂ ಕರುಳಿನ ಉತ್ತರ ಸಹಜವಾಗಿರಲಿಲ್ಲ. 1981ರ ಅಧ್ಯಯನವೊಂದರಲ್ಲಿ, ಊಟವಾದೊಡನೆ ಚುರುಕಾಗಬೇಕಾದ ದೊಡ್ಡ ಕರುಳೂ ಸುಮ್ಮನಿತ್ತು.

ಇದಕ್ಕೆ ಆಕ್ಷೇಪವಿದೆ. 1969ರಲ್ಲಿ 58 ರೋಗಿಗಳ ಶವಪರೀಕ್ಷೆಯ ವರದಿ ಬಂದಿತ್ತು. ಸ್ನಾಯು ಸವೆದಿರುವುದು ಸೂಕ್ಷ್ಮದರ್ಶಕದಲ್ಲೇ ಕಾಣುವಾಗ ನರದ ಮಾತೇಕೆ? ಆದರೆ ಶವಪರೀಕ್ಷೆ ತೋರಿಸುವುದು ರೋಗದ ಕೊನೆಯನ್ನು. ಅದು ಎಲ್ಲಿಂದ ಹೊರಟಿತೆಂಬುದನ್ನು ಬದುಕಿರುವ ಕರುಳೇ ಹೇಳಬೇಕು. ಮೇಯೋ ಕ್ಲಿನಿಕ್‌ನಿಂದ 1989ರಲ್ಲಿ ಬಂದ ವರದಿಯಲ್ಲಿ ಕೆಲವರ ಕರುಳಿನ ಅಲೆಗಳು ಬಲಹೀನವಾಗಿದ್ದವು, ಇನ್ನು ಕೆಲವರವು ಬಲವಿದ್ದೂ ತಾಳ ತಪ್ಪಿದ್ದವು. ಒಂದು ಸ್ನಾಯುವಿನ ದೋಷ, ಇನ್ನೊಂದು ನರದ್ದು. ಎಲ್ಲರಲ್ಲೂ ನರವೇ ಮೊದಲು ಕೆಡುತ್ತದೆಂದು ಇದರಿಂದ ಸಾಬೀತಾಗುವುದಿಲ್ಲ, ನಿಜ. ಎರಡೂ ಬಗೆಗಳಿವೆ, ಅವನ್ನು ಬೇರ್ಪಡಿಸಬಹುದು ಎಂಬುದಂತೂ ಖಚಿತ.

ಗುಣವಾಗದ ಕಾಯಿಲೆಗೆ ಮೂಗಿನಿಂದ ನಳಿಕೆ ಇಳಿಸಿ ನೋಯಿಸುವುದೇಕೆ ಎಂಬ ಆಕ್ಷೇಪ ಇನ್ನೂ ಗಂಭೀರವಾದುದು. ಆ ಹಿಂಸೆಯನ್ನು ಯಾರೂ ಹಗುರಾಗಿ ಕಾಣಬಾರದು. ಆದರೂ 1991ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಐವರು ರೋಗಿಗಳಿಗೆ ಮೂರು ವಾರ ರಾತ್ರಿ ಆಕ್ಟ್ರಿಯೋಟೈಡ್ ಎಂಬ ಔಷಧಿ ಕೊಟ್ಟಾಗ, ಕರುಳಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರುವುದನ್ನು ಸೂಚಿಸುವ ಉಸಿರಿನ ಹೈಡ್ರೋಜನ್ ಇಳಿಯಿತು, ಹೊಟ್ಟೆಯ ತೊಂದರೆಗಳೂ ತಗ್ಗಿದವು. ಐದು ಜನರ ಫಲಿತಾಂಶ ಚಿಕ್ಕದೇ. ಆದರೆ ಆಜ್ಞೆ ಸಿಗದ ಸ್ನಾಯುವನ್ನು ಔಷಧಿ ಎಬ್ಬಿಸಬಲ್ಲದು, ಸವೆದುಹೋದ ಸ್ನಾಯುವನ್ನು ಎಬ್ಬಿಸಲಾರದು. ಹಾಗಾಗಿ ಅಳತೆಯ ಬೆಲೆ ಅದು ಎಷ್ಟು ಬೇಗ ನಡೆಯಿತು ಎಂಬುದರಲ್ಲಿದೆ. ಚರ್ಮದ ಬಿಗಿತಕ್ಕೆ ಮೈಯ 17 ಜಾಗಗಳಲ್ಲಿ ಅಂಕ ಕೊಡುವುದು ಇಂದು ವಾಡಿಕೆ. ಕರುಳಿನ ಒತ್ತಡವನ್ನು ಅಳೆಯುವುದು ಹೆಚ್ಚಾಗಿ ತೊಂದರೆ ಬಲಿತ ಮೇಲೆ. ಈ ಕ್ರಮ ಬದಲಾಗಬೇಕು.