ಭೂಮಿಕಾ ಮತ್ತು ಮಿಸ್ಸೌರಿಯ ಡೈವೋರ್ಸು

ದೊಡ್ಡಪ್ಪನ ಮಗಳಿಗೆ ಅಮೆರಿಕದ ಸಂಬಂಧ ಬಂದಿದೆ. ಹಬ್ಬಕ್ಕೆ ಗಾವಡಗೆರೆಗೆ ಹೋಗಿದ್ದಾಗ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ಕೂತು ಎಲ್ಲರೂ ಹುಡುಗನ ಸಂಬಳವನ್ನು ರೂಪಾಯಿಗೆ ಪರಿವರ್ತಿಸುತ್ತಿದ್ದರು. ಅಜ್ಜಿ ಮಾತ್ರ "ಆ ರಮೇಶನ ಸಿನಿಮಾದಂಗೆ ಆಗದಿದ್ರೆ ಸಾಕು ಕಣಪ್ಪ" ಅಂದ್ರು.

ಅಜ್ಜಿ ಹೇಳಿದ್ದು ನಾಗತಿಹಳ್ಳಿ ಚಂದ್ರಶೇಖರರ 'ಅಮೆರಿಕಾ ಅಮೆರಿಕಾ'. 1996ರ ಚಿತ್ರಗಳಿಗೆ ಕೊಟ್ಟ 44ನೇ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ. 1978ರ 'ಸಿಂಗಪೂರ್‌ನಲ್ಲಿ ರಾಜಾಕುಳ್ಳ' ನಮಗೆ ಮೋಜಿನ ವಿದೇಶ ತೋರಿಸಿತ್ತು. ಇಲ್ಲಿ ವಿದೇಶ ಅಂದ್ರೆ ಒಂದು ಸಂಸಾರ. ಸೂರ್ಯ, ಶಶಾಂಕ, ಭೂಮಿಕಾ ಬಾಲ್ಯದ ಗೆಳೆಯರು. ಡಾಲರಿನ ಹಿಂದೆ ಹೋದ ಶಶಾಂಕನನ್ನು ಮದುವೆಯಾಗಿ ಹೋದ ಭೂಮಿಕಾಗೆ ಅಲ್ಲಿ ಕಾದಿದ್ದು ಒಂಟಿತನ. ಕೊನೆ ಹೇಳಲ್ಲ, ನೋಡದವರು ನೋಡಿ :)

ಮತ್ತೆ ನೋಡಿದಾಗ ನನಗೆ ಕಾಡಿದ್ದು ಬೇರೆ. ಸಿನಿಮಾದಲ್ಲಿ ನೋವೆಲ್ಲ ಮೂರು ಜನರ ಮನಸ್ಸಿನೊಳಗಿದೆ. ಹೊರಗೆ ಕಾಗದಗಳಿದ್ದವು. ಎಚ್-1ಬಿ ವೀಸಾ ಬಂದಿದ್ದು 1990ರ ಕಾಯ್ದೆಯಿಂದ. ಆ ಗಂಡಂದಿರ ಜೊತೆ ಹೋದ ಹೆಂಡತಿ ಎಷ್ಟೇ ಓದಿದ್ದರೂ ಅವಲಂಬಿತ ವೀಸಾದಲ್ಲಿ ದುಡಿಯುವಂತಿರಲಿಲ್ಲ. 2015ರಲ್ಲಿ ಅನುಮತಿ ಸಿಕ್ಕಿತು, ಅದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ.

ಇನ್ನು ಕೈಬಿಟ್ಟರೆ? ನರಸಿಂಹ ರಾವ್ ಪ್ರಕರಣ ಓದಿ. ತಿರುಪತಿಯಲ್ಲಿ 1975ರಲ್ಲಿ ಮದುವೆ. 1980ರಲ್ಲಿ ಗಂಡ ಮಿಸ್ಸೌರಿಯ ಕೋರ್ಟಿನಲ್ಲಿ ಡೈವೋರ್ಸ್ ತಂದ. ಅಲ್ಲಿ 90 ದಿನ ವಾಸವಿದ್ದರೆ ಅರ್ಜಿ ಹಾಕಬಹುದಿತ್ತು. ಮುಂದಿನ ವರ್ಷವೇ ಇನ್ನೊಂದು ಮದುವೆ! ಮೊದಲ ಹೆಂಡತಿ ಬಿಡಲಿಲ್ಲ. ಎರಡನೇ ಮದುವೆ ಅಪರಾಧ ಅಂತ ಇಲ್ಲಿ ದೂರು ಕೊಟ್ಟಳು. 1991ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಡೈವೋರ್ಸ್ ಭಾರತದಲ್ಲಿ ನಡೆಯಲ್ಲ ಅಂತು: ಹೆಂಡತಿ ಆ ಕೋರ್ಟಿನ ಅಧಿಕಾರ ಒಪ್ಪಿರಲಿಲ್ಲ, ಕೊಟ್ಟ ಕಾರಣವೂ ಹಿಂದೂ ವಿವಾಹ ಕಾಯ್ದೆಯಲ್ಲಿರಲಿಲ್ಲ. ಹನ್ನೊಂದು ವರ್ಷ ಹಿಡಿಯಿತು, ನೋಡಿ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಮೈಸೂರಲ್ಲಿ ಒಳ್ಳೆ ಕೆಲಸದಲ್ಲಿದ್ದಾಳೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ನಾನು ಕೆಲಸ ಮಾಡ್ಬೋದಾ, ಅವರ ಅರ್ಜಿ ಎಲ್ಲಿವರೆಗೆ ಬಂದಿದೆ ಅಂತ ಅಪ್ಪಂಗೆ ಕೇಳೋಕೆ ಹೇಳು" ಅಂದಳು.

ಹೇಳಿದ್ದೇನೆ. ದೊಡ್ಡಪ್ಪ ಇನ್ನೂ ಕೇಳಿಲ್ಲ.