ಸಣ್ಣ ಟ್ರ್ಯಾಕ್ಟರ್‌ನ ಮೊದಲ ಹೈಡ್ರಾಲಿಕ್ ಎಣ್ಣೆ ಬದಲಾವಣೆ: ‘ಐವತ್ತು ಗಂಟೆ’ಯ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಇಲ್ಲಿ ಪರಿಶೀಲಿಸಿರುವುದು ಸುಮಾರು 15ರಿಂದ 30 ಅಶ್ವಶಕ್ತಿಯ ಹೊಸ ಟ್ರ್ಯಾಕ್ಟರ್‌ಗಳನ್ನು. ಅಡಿಕೆ ತೋಟದ ಸಾಲುಗಳಲ್ಲಿ, ವಿಜಯಪುರದ ದ್ರಾಕ್ಷಿ ತೋಟಗಳಲ್ಲಿ, ಮಲೆನಾಡಿನ ಕಿರುಗದ್ದೆಗಳಲ್ಲಿ ದುಡಿಯುವ ವರ್ಗವನ್ನು. ಈ ವರ್ಗದ ಹಲವು ಯಂತ್ರಗಳಲ್ಲಿ ಗೇರ್ ಬಾಕ್ಸ್, ಡಿಫರೆನ್ಷಿಯಲ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಹಾಗೂ ಹಿಂಬದಿಯ ಲಿಫ್ಟ್ ಇಷ್ಟಕ್ಕೂ ಒಂದೇ ಎಣ್ಣೆ, ಒಂದೇ ತೊಟ್ಟಿ. ಹೈಡ್ರಾಲಿಕ್‌ಗೆ ಪ್ರತ್ಯೇಕ ಟ್ಯಾಂಕ್ ಇರುವ ಯಂತ್ರಗಳಿಗೆ ಮುಂದಿನ ವಾದ ಪೂರ್ತಿಯಾಗಿ ಅನ್ವಯಿಸದು.

ಮೊದಲ ಸರ್ವಿಸ್‌ಗೆ ಕೈಪಿಡಿಗಳು ಸಾಮಾನ್ಯವಾಗಿ ಕೊಡುವ ಅಂಕಿ 50 ಗಂಟೆ. ಆದರೆ ಆ ಹೊತ್ತಿಗೆ ಏನನ್ನು ಬದಲಿಸಬೇಕೆಂಬಲ್ಲಿ ಅವು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. ಕೆಲವು ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಲು ಹೇಳುತ್ತವೆ. ಕೆಲವು ಫಿಲ್ಟರ್ ಒಂದನ್ನೇ ಬದಲಿಸಿ ಎಣ್ಣೆಯನ್ನು ಮುಂದಿನ ನೂರಾರು ಗಂಟೆಗಳಿಗೆ ಬಿಡುತ್ತವೆ. ಈ ಭಿನ್ನತೆಗೆ ಸಮರ್ಥನೆ ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

2. ಯಾವ ಗಂಟೆ?

ಕೇಬಲ್‌ನಿಂದ ಓಡುವ ಯಾಂತ್ರಿಕ ಅವರ್ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ನಿಗದಿತ ವೇಗವೊಂದಕ್ಕೆ ಹೊಂದಿಸಿದ ಅನುಪಾತದಲ್ಲಿ ಅವನ್ನು ಗಂಟೆಯಾಗಿ ತೋರಿಸುತ್ತದೆ. ವಿದ್ಯುತ್ ಮೀಟರ್ ಎಣಿಸುವುದು ಗಡಿಯಾರದ ಸಮಯವನ್ನು. ಉದಾಹರಣೆಗೆ, ಯಾಂತ್ರಿಕ ಮೀಟರ್ ಅನ್ನು ನಿಮಿಷಕ್ಕೆ 2,000 ಸುತ್ತಿಗೆ ಹೊಂದಿಸಿದ್ದು ಎಂಜಿನ್ ಸರಾಸರಿ 1,200 ಸುತ್ತಿನಲ್ಲಿ ಓಡಿದ್ದರೆ, ಒಂದು ಗಂಟೆಯ ಓಟ ಮೀಟರ್‌ನಲ್ಲಿ 0.6 ಗಂಟೆ. ಅಂಥ ಮೀಟರ್‌ನಲ್ಲಿ 50 ಕಂಡಾಗ ಯಂತ್ರ ನಿಜಕ್ಕೂ ಓಡಿರುವುದು ಸುಮಾರು 83 ಗಂಟೆ.

ಪಿಟಿಒ ಹಚ್ಚಿ ರೋಟವೇಟರ್ ಹೊಡೆಯುವಾಗ ಎಂಜಿನ್ ನಿಗದಿತ ವೇಗದ ಹತ್ತಿರವೇ ಇರುವುದರಿಂದ ವ್ಯತ್ಯಾಸ ಅಲ್ಪ. ತೋಟದೊಳಗೆ ನಿಧಾನಗತಿಯಲ್ಲಿ ಟ್ರೇಲರ್ ಎಳೆಯುವಾಗ ಅದು ದೊಡ್ಡದು. ಸುತ್ತುಗಳ ಎಣಿಕೆ ಗೇರ್ ಹಲ್ಲುಗಳ ಸವೆತಕ್ಕೆ ಹೆಚ್ಚು ನಿಕಟವಾದ ಅಳತೆ ಎಂಬ ವಾದಕ್ಕೆ ಬಲವಿದೆ. ಆದರೆ ನೀರು, ದೂಳಿನ ಸೇರ್ಪಡೆ ಸುತ್ತುಗಳನ್ನು ನೋಡಿಕೊಂಡು ನಡೆಯುವುದಿಲ್ಲ. ಎರಡು ಯಂತ್ರಗಳ ‘50 ಗಂಟೆ’ಯನ್ನು ಹೋಲಿಸುವ ಮುನ್ನ ಮೀಟರ್ ಯಾವ ಬಗೆಯದೆಂದು ದಾಖಲಿಸುವುದು ಅಗತ್ಯ.

ತಿಂಗಳುಗಳ ಲೆಕ್ಕವೂ ಬೇರೆಯೇ. ಬಾಡಿಗೆಗೆ ದಿನಕ್ಕೆ 8 ಗಂಟೆ ಓಡುವ ಯಂತ್ರಕ್ಕೆ 50 ಗಂಟೆ ಒಂದು ವಾರದೊಳಗೆ ಮುಗಿಯುತ್ತದೆ. ವಾರಕ್ಕೆ ಒಂದು ಗಂಟೆ ಓಡುವ ತೋಟದ ಯಂತ್ರಕ್ಕೆ ಹೆಚ್ಚುಕಡಿಮೆ ವರ್ಷವೇ ಬೇಕು.

3. ಹೊಸ ಯಂತ್ರದ ಎಣ್ಣೆಯಲ್ಲಿ ಸೇರುವುದು ಏನು?

ಹೊಸ ಗೇರ್‌ಗಳ ಮೇಲ್ಮೈಯ ಸೂಕ್ಷ್ಮ ಏರುತಗ್ಗುಗಳು ಆರಂಭದ ಓಟದಲ್ಲಿ ಸವೆದು ಹೊಂದಿಕೊಳ್ಳುತ್ತವೆ. ಸವೆತದ ದರ ಮೊದಲು ಹೆಚ್ಚಿದ್ದು ಬಳಿಕ ಇಳಿಯುತ್ತದೆ. ಇದರ ಜೊತೆಗೆ ಕಾರ್ಖಾನೆಯಿಂದಲೇ ಬಂದ ಎರಕದ ಮರಳು, ಕೊರೆತದ ಲೋಹದ ಚೂರು, ಜೋಡಣೆಗೆ ಹಚ್ಚಿದ ಸೀಲಂಟ್‌ನ ತುಣುಕುಗಳೂ ಇರಬಹುದು. ಹೀಗಾಗಿ ಮೊದಲ ಬದಲಾವಣೆಯ ಪ್ರಶ್ನೆ ಎಣ್ಣೆಯ ಆಯುಷ್ಯದ್ದಲ್ಲ. ಅದರಲ್ಲಿ ತೇಲುತ್ತಿರುವ ಕಣಗಳದ್ದು. ‘ಎಣ್ಣೆ ಇನ್ನೂ ಚೆನ್ನಾಗಿದೆ’ ಎಂಬ ಮಾತು ರಾಸಾಯನಿಕವಾಗಿ ಸರಿಯಿದ್ದರೂ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಪ್ರಯೋಗಾಲಯದ ವರದಿಯನ್ನು ಓದುವಾಗ ಮೂರು ಎಚ್ಚರಿಕೆಗಳು ಬೇಕು.

(ಅ) ಸಿಲಿಕಾನ್ ಹೆಚ್ಚಿದ್ದರೆ ಅದು ಹೊಲದ ದೂಳೇ ಎಂದು ಹೇಳಲಾಗದು. ಎರಕದ ಮರಳು, ಸಿಲಿಕೋನ್ ಸೀಲಂಟ್, ಎಣ್ಣೆಯಲ್ಲೇ ಇರುವ ನೊರೆನಿರೋಧಕ, ಇವು ಮೂರೂ ಅದೇ ಧಾತುವನ್ನು ತೋರಿಸುತ್ತವೆ. ಅಲ್ಯೂಮಿನಿಯಂ ಜೊತೆಜೊತೆಗೆ ಏರಿದ್ದರೆ ಮಣ್ಣಿನ ಸಂಭವ ಹೆಚ್ಚು; ಆದರೆ ಯಂತ್ರದಲ್ಲಿ ಅಲ್ಯೂಮಿನಿಯಂ ಭಾಗಗಳಿದ್ದರೆ ಈ ಸುಳಿವೂ ದುರ್ಬಲ.

(ಆ) ಧಾತುಗಳನ್ನು ಅಳೆಯುವ ಸಾಮಾನ್ಯ ಸ್ಪೆಕ್ಟ್ರೋಮೀಟರ್ ವಿಧಾನ ಸುಮಾರು 5ರಿಂದ 10 ಮೈಕ್ರಾನ್‌ಗಿಂತ ದೊಡ್ಡ ಕಣಗಳನ್ನು ಪೂರ್ತಿ ಲೆಕ್ಕಕ್ಕೆ ತರುವುದಿಲ್ಲ. ಕಬ್ಬಿಣದ ಅಂಕಿ ಸಾಧಾರಣವಾಗಿದ್ದೂ ತೊಟ್ಟಿಯಲ್ಲಿ ಕಣ್ಣಿಗೆ ಕಾಣುವ ಚೂರುಗಳಿರಬಹುದು. ಆದ್ದರಿಂದ ಡ್ರೈನ್ ಪ್ಲಗ್ಗಿನ ಅಯಸ್ಕಾಂತವನ್ನು ಒರೆಸಿ ಎಸೆಯುವ ಮುನ್ನ ನೋಡಬೇಕು. ಅದರ ಮೇಲೆ ಬೂದುಬಣ್ಣದ ನುಣುಪಾದ ಲೇಪವಿದ್ದು, ಬೆರಳುಗಳ ನಡುವೆ ಉಜ್ಜಿದಾಗ ತರಿ ಸಿಗದಿದ್ದರೆ ಅದು ಆರಂಭಿಕ ಸವೆತಕ್ಕೆ ಹೊಂದುತ್ತದೆ. ಬೆಳಕಿಗೆ ಹಿಡಿದಾಗ ಮಿನುಗುವ ಚಪ್ಪಟೆ ಚೂರು, ಸೂಜಿಯಂಥ ಉದ್ದ ತುಣುಕು ಕಂಡರೆ ವಿವರಣೆ ಬೇರೆ. ಹಳೆಯ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡುವುದೂ ಇದೇ ಉದ್ದೇಶಕ್ಕೆ. ಹಿತ್ತಾಳೆ, ಕಂಚಿನ ಹಳದಿ ಚೂರುಗಳು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅವು ಸಿಗುವುದಿದ್ದರೆ ಆ ಮಡಿಕೆಗಳ ತಳದಲ್ಲಿ.

(ಇ) ಆರಂಭದ ಗಂಟೆಗಳಲ್ಲಿ ಸ್ನಿಗ್ಧತೆ ತುಸು ಇಳಿದಿದ್ದರೆ ಎಣ್ಣೆ ಕೆಟ್ಟಿತೆಂದು ತಿಳಿಯಬೇಕಿಲ್ಲ. ಸ್ನಿಗ್ಧತಾ ಸೂಚ್ಯಂಕ ಹೆಚ್ಚಿಸಲು ಬೆರೆಸಿದ ಪಾಲಿಮರ್‌ಗಳು ಗೇರ್ ಹಲ್ಲುಗಳ ನಡುವೆ ತುಂಡಾಗುವುದು ಬಹುಪಾಲು ಆರಂಭದಲ್ಲೇ.

4. ಕಣಸಂಖ್ಯೆಯ ಸಂಕೇತದಲ್ಲಿನ ತೊಡಕು

ಎಣ್ಣೆಯ ಶುಚಿತ್ವವನ್ನು ಐಎಸ್‌ಒ 4406 ಸಂಕೇತದಲ್ಲಿ ಬರೆಯುವುದು ವಾಡಿಕೆ. 1987ರ ಆವೃತ್ತಿಯಲ್ಲಿ ಎರಡು ಅಂಕಿಗಳು: 5 ಮತ್ತು 15 ಮೈಕ್ರಾನ್. 1999ರ ಆವೃತ್ತಿಯಲ್ಲಿ ಮೂರು: 4, 6 ಮತ್ತು 14 ಮೈಕ್ರಾನ್. ಕಣ ಎಣಿಸುವ ಉಪಕರಣಗಳನ್ನು ಹೊಂದಿಸಲು ಬಳಸುತ್ತಿದ್ದ ಪರೀಕ್ಷಾ ದೂಳಿನ ತಯಾರಿಕೆ ನಿಂತು, ಹೊಸ ದೂಳು ಬಂದಾಗ ಗಾತ್ರದ ವ್ಯಾಖ್ಯೆಯೇ ಬದಲಾಯಿತು. ಹಳೆಯ 5 ಹೊಸ 6ಕ್ಕೂ, ಹಳೆಯ 15 ಹೊಸ 14ಕ್ಕೂ ಸರಿಸುಮಾರು ಸಮ. ಹೊಸದರ ಮೊದಲ ಅಂಕಿಗೆ ಹಳೆಯದರಲ್ಲಿ ಜೋಡಿ ಇಲ್ಲ. ಹಳೆಯ ಪುಸ್ತಕವೊಂದರ ‘18/15’ ಮಿತಿಯನ್ನು ಇಂದಿನ ವರದಿಯ ಮೊದಲ ಎರಡು ಅಂಕಿಗಳೊಂದಿಗೆ ಹೋಲಿಸಿದರೆ ಎಣ್ಣೆ ಅದು ಇರುವುದಕ್ಕಿಂತ ಕೊಳಕಾಗಿ ಕಾಣುತ್ತದೆ. ಹೋಲಿಸಬೇಕಾದದ್ದು ಕೊನೆಯ ಎರಡರೊಂದಿಗೆ.

ಸಂಕೇತ ಒಂದು ಮೆಟ್ಟಿಲು ಏರಿದರೆ ಕಣಗಳ ಸಂಖ್ಯೆ ಸುಮಾರು ಇಮ್ಮಡಿ: 18 ಎಂದರೆ ಪ್ರತಿ ಮಿಲಿಲೀಟರಿಗೆ 1,300ರಿಂದ 2,500, 21 ಎಂದರೆ 10,000ದಿಂದ 20,000. ಮೂರು ಮೆಟ್ಟಿಲಿಗೆ ಎಂಟು ಪಟ್ಟು. ಒಂದೇ ಮೆಟ್ಟಿಲಿನ ವ್ಯತ್ಯಾಸ ಮಾದರಿ ತೆಗೆಯುವ ಬಾಟಲಿಯ ಕೊಳೆಯಿಂದಲೂ ಬರಬಹುದಾದ್ದರಿಂದ ಅದಕ್ಕೆ ಹೆಚ್ಚು ತೂಕ ಕೊಡುವುದು ಸರಿಯಲ್ಲ.

5. ಫಿಲ್ಟರ್ ಮಾತ್ರವೋ, ಎಣ್ಣೆಯೂ ಕೂಡವೋ?

ಐಎಸ್‌ಒ 16889 ಪರೀಕ್ಷೆಯ ಬೀಟಾ ಅನುಪಾತ 2 ಆಗಿರುವ ಗಾತ್ರದಲ್ಲಿ ಫಿಲ್ಟರ್ ಒಂದು ಹಾಯ್ವಿಕೆಗೆ ಅರ್ಧದಷ್ಟು ಕಣಗಳನ್ನು ಹಿಡಿಯುತ್ತದೆ. ಅನುಪಾತ 75 ಆದರೆ ಶೇ. 98.7, 200 ಆದರೆ ಶೇ. 99.5. ಇದು ಪ್ರಯೋಗಾಲಯದ ಸ್ಥಿತಿ. ಎಣ್ಣೆ ತಣ್ಣಗಿದ್ದು ಗಟ್ಟಿಯಾಗಿದ್ದಾಗ ಬೈಪಾಸ್ ಕವಾಟ ತೆರೆದರೆ ಒಂದಷ್ಟು ಎಣ್ಣೆ ಸೋಸದೆಯೇ ಸಾಗುತ್ತದೆ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ 60 ಸೆಂಟಿಸ್ಟೋಕ್ಸ್ ಇರುವ, ಸೂಚ್ಯಂಕ ಸುಮಾರು 140ರ ಎಣ್ಣೆ 15 ಡಿಗ್ರಿಯಲ್ಲಿ 200ನ್ನು ಮೀರುತ್ತದೆ ಎಂದು ಲೆಕ್ಕ ಹೇಳುತ್ತದೆ. ಡಿಸೆಂಬರ್‌ನ ಬೆಳಗ್ಗೆ ಇದು ಅಪರೂಪದ ತಾಪಮಾನವಲ್ಲ.

ಎಣ್ಣೆ ಬದಲಿಸಿದರೂ ಎಲ್ಲವೂ ಹೊರಬರುವುದಿಲ್ಲ. 20 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಸಿಲಿಂಡರ್, ಪೈಪು, ಆಕ್ಸಲ್ ಕವಚಗಳಲ್ಲಿ 3 ಲೀಟರ್ ಉಳಿಯಿತೆಂದುಕೊಂಡರೆ ತೇಲುವ ಕಣಗಳ ಶೇ. 15 ಅಲ್ಲೇ ಉಳಿದಂತೆ. ಫಿಲ್ಟರ್ ಮಾತ್ರ ಬದಲಿಸಿದರೆ ಆ ಗಳಿಗೆಯಲ್ಲಿ ತೇಲುವ ಕಣಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ.

ಇಲ್ಲಿ ಯಂತ್ರದ ಬಗೆ ನಿರ್ಣಾಯಕ. ಹೈಡ್ರೋಸ್ಟ್ಯಾಟಿಕ್ ಚಾಲನೆಯಿರುವ ಯಂತ್ರದಲ್ಲಿ ಪಿಸ್ಟನ್ ಮತ್ತು ಅದರ ಕೊಳವೆಯ ನಡುವಿನ ಸಂದು ಕೆಲವು ಮೈಕ್ರಾನ್‌ಗಳಷ್ಟೇ. ಫಿಲ್ಟರ್ ಸರಿಯಾಗಿ ಹಿಡಿಯದ ಗಾತ್ರದ ಕಣಗಳೇ ಅಲ್ಲಿ ಹಾನಿಕರ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಗೇರ್ ಚಾಲನೆಯ ಯಂತ್ರಗಳು ಲಿಫ್ಟ್‌ನ ಗೇರ್ ಪಂಪು ಮತ್ತು ಕವಾಟದ ಮಟ್ಟಿಗೆ ಇದಕ್ಕಿಂತ ಸಹಿಷ್ಣು. ಕೈಪಿಡಿಗಳ ಭಿನ್ನತೆಗೆ ಇದೊಂದು ಸಂಭಾವ್ಯ ಕಾರಣ; ಇದೊಂದೇ ಎಂದು ಹೇಳಲು ಆಧಾರ ಸಾಲದು.

6. ನೀರು

ಕೆಸರುಗದ್ದೆಯಲ್ಲಿ ಉಳುವ ಯಂತ್ರಕ್ಕೆ ಗಂಟೆಯ ಲೆಕ್ಕ ಎರಡನೆಯದು. ಆಕ್ಸಲ್ ಸೀಲ್‌ನ ಮೂಲಕ ನೀರು ಸೇರಿದ್ದರೆ ಎಣ್ಣೆ ಹಾಲುಬಣ್ಣಕ್ಕೆ ತಿರುಗುತ್ತದೆ; ಆದರೆ ಈ ಜಾತಿಯ ಎಣ್ಣೆಗಳು ಒಂದಷ್ಟು ನೀರನ್ನು ತಮ್ಮಲ್ಲೇ ಹಿಡಿದಿಡುವುದರಿಂದ ತಿಳಿಯಾಗಿ ಕಾಣುವುದು ನೀರಿಲ್ಲದ್ದಕ್ಕೆ ಪುರಾವೆಯಲ್ಲ. ಕಾರ್ಲ್ ಫಿಷರ್ ವಿಧಾನದ ಅಂಕಿ ಶೇ. 0.1ನ್ನು, ಅಂದರೆ ಹತ್ತು ಲಕ್ಷದಲ್ಲಿ 1,000 ಭಾಗವನ್ನು, ದಾಟಿದ್ದರೆ ಮೀಟರ್ ಎಷ್ಟೇ ತೋರಿಸಲಿ, ಬದಲಿಸುವುದು ಸಮಂಜಸ. ಸೀಲ್ ಸರಿಪಡಿಸದೆ ಬದಲಿಸಿದರೆ ವ್ಯರ್ಥ.

7. ತುಂಬುವ ಎಣ್ಣೆ

ಅಮೆರಿಕದಲ್ಲಿ ‘303’ ಎಂಬ ಹೆಸರಿನ ಟ್ರ್ಯಾಕ್ಟರ್ ಎಣ್ಣೆ ಇಲ್ಲಿ ಉಲ್ಲೇಖಾರ್ಹ. ಜಾನ್ ಡಿಯರ್‌ನ ಆ ಮೂಲ ನಿರ್ದಿಷ್ಟತೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಆಧರಿಸಿತ್ತು. ತಿಮಿಂಗಿಲ 1970ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ ಬಳಿಕ, ಆ ದಶಕದಲ್ಲೇ ನಿರ್ದಿಷ್ಟತೆ ಬಳಕೆ ತಪ್ಪಿತು. ಹೆಸರು ಮಾತ್ರ ದಶಕಗಳ ಕಾಲ ಅಗ್ಗದ ಡಬ್ಬಿಗಳ ಮೇಲೆ ಉಳಿಯಿತು. ಮಿಸೌರಿ ರಾಜ್ಯ ಅಂಥ ಎಣ್ಣೆಯ ಮಾರಾಟವನ್ನು ನಿಷೇಧಿಸಿತು. ಎಣ್ಣೆಯಲ್ಲಿ ಮುಳುಗಿದ ಬ್ರೇಕ್‌ಗೆ ಘರ್ಷಣೆ ನಿಯಂತ್ರಿಸುವ ಸಂಯೋಜಕಗಳು ಬೇಕು; ಸಾಮಾನ್ಯ 68ನೇ ದರ್ಜೆಯ ಹೈಡ್ರಾಲಿಕ್ ಎಣ್ಣೆಯಲ್ಲಿ ಅವು ಇರುವುದಿಲ್ಲ. ಡಬ್ಬಿಯ ಮೇಲೆ ಕೈಪಿಡಿ ಹೇಳುವ ನಿರ್ದಿಷ್ಟತೆಯ ಸಂಖ್ಯೆ ಇದೆಯೇ ಎಂಬುದನ್ನೇ ನೋಡಬೇಕು.

8. ತಾತ್ಕಾಲಿಕ ನಿರ್ಣಯ

ಹೈಡ್ರೋಸ್ಟ್ಯಾಟಿಕ್ ಯಂತ್ರದಲ್ಲಿ 50 ಗಂಟೆಗೆ ಫಿಲ್ಟರ್ ಜೊತೆಗೆ ಎಣ್ಣೆಯನ್ನೂ ಬದಲಿಸುವ ಪಕ್ಷಕ್ಕೆ ಹೆಚ್ಚಿನ ಬಲವಿದೆ. ಕೈಪಿಡಿ ಫಿಲ್ಟರ್ ಸಾಕೆಂದರೂ ಈ ಮಾತು ನಿಲ್ಲಬಹುದು. ಗೇರ್ ಚಾಲನೆಯ ಯಂತ್ರದಲ್ಲಿ ಫಿಲ್ಟರ್ ಬದಲಾವಣೆ ಮತ್ತು ಅಯಸ್ಕಾಂತದ ಪರಿಶೀಲನೆ ಸಾಕಾಗುವ ಸಂದರ್ಭಗಳಿವೆ: ಲೇಪ ನುಣುಪಾಗಿರಬೇಕು, ಯಂತ್ರ ಕೆಸರಿಗೆ ಇಳಿದಿರಬಾರದು. ಯಾಂತ್ರಿಕ ಮೀಟರ್ ಇದ್ದು ನಿಧಾನದ ಕೆಲಸವೇ ಹೆಚ್ಚಾಗಿದ್ದರೆ ಮೀಟರ್ 30 ತೋರಿಸುವಾಗಲೇ ಈ ಕೆಲಸ ಮಾಡುವುದು ಲೇಸು. ಕೈಪಿಡಿ ಹೇಳಿದ್ದಕ್ಕಿಂತ ತಡ ಮಾಡಲು ಇಲ್ಲಿನ ಯಾವ ವಾದವೂ ಸಮರ್ಥನೆಯಲ್ಲ. ವಾರಂಟಿಯ ಷರತ್ತೂ ಅದಕ್ಕೆ ಎಡೆಗೊಡದು.

ಎಣ್ಣೆಯನ್ನು ಪರೀಕ್ಷೆಗೆ ಕಳಿಸುವುದಾದರೆ 50 ಗಂಟೆಯ ಒಂದೇ ಮಾದರಿಯಿಂದ ಸಿಗುವುದು ಕಡಿಮೆ. ಡಬ್ಬಿಯಿಂದ ನೇರ ತೆಗೆದ ಹೊಸ ಎಣ್ಣೆಯ ಮಾದರಿ, 50ರದ್ದು, ಬದಲಾವಣೆಯಾಗಿ ಇನ್ನೊಂದು 50 ಗಂಟೆ ಕಳೆದ ಮೇಲಿನದು, ಇವು ಮೂರಿದ್ದರೆ ದರ ಇಳಿಯುತ್ತಿದೆಯೇ ಎಂದು ತಿಳಿಯುತ್ತದೆ. ಯಂತ್ರದಿಂದ ತೆಗೆಯುವ ಎರಡನ್ನೂ ಎಣ್ಣೆ ಬಿಸಿಯಿರುವಾಗ, ಯಂತ್ರ ನಿಲ್ಲಿಸಿದ ಕೂಡಲೇ, ತೊಟ್ಟಿಯ ತಳದಿಂದಲ್ಲದೆ ನಡುಮಟ್ಟದಿಂದ ತೆಗೆಯಬೇಕು. ಡಬ್ಬಿಯ ಮಾದರಿಗೆ ಬಿಸಿಯ ಷರತ್ತು ಅನ್ವಯಿಸದು, ತೆಗೆಯುವ ಮುನ್ನ ಡಬ್ಬಿಯನ್ನು ಚೆನ್ನಾಗಿ ಅಲುಗಿಸಿದರೆ ಸಾಕು. ಬಾಟಲಿಯ ಚೀಟಿಯಲ್ಲಿ ಮೀಟರ್‌ನ ಅಂಕಿಯೊಡನೆ ಮೀಟರ್‌ನ ಬಗೆಯನ್ನೂ ಬರೆಯಬೇಕು.